ಗೃಹಸ್ಥನ ಜಮಾಖರ್ಚು: ಮುರಿಯದೆ ಇಡತಕ್ಕ ಹಣ

ಹಣವನ್ನು ಎಲ್ಲಿ ಹೂಡಬೇಕೆಂಬ ಪ್ರಶ್ನೆಯನ್ನು ಈ ಪುಟದ ವಾಚಕರು ಮೇಲಿಂದ ಮೇಲೆ ಕೇಳುತ್ತಿರುವರು. ಅಂಚೆಕಚೇರಿಯೋ, ಬ್ಯಾಂಕೋ, ಚಿನ್ನವೋ, ನಿವೇಶನವೋ, ಷೇರುಗಳೋ ಎಂದು ನಾಲ್ಕಾರು ಹೆಸರುಗಳನ್ನು ಮುಂದಿಟ್ಟು, ಇವುಗಳಲ್ಲಿ ಒಂದನ್ನು ಬೆರಳಿಟ್ಟು ತೋರಿಸಬೇಕೆಂಬುದು ಅವರ ಅಪೇಕ್ಷೆ. ಅಪೇಕ್ಷೆ ಸಹಜವಾದುದೇ ಸರಿ. ಆದರೆ ಅದಕ್ಕಿಂತ ಮೊದಲು ಮನೆಯವರು ಕುಳಿತು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೊಂದುಂಟು: ಈಗ ಇಡುವ ಹಣ ನಮಗೆ ಮರಳಿ ಬೇಕಾಗುವುದು ಯಾವಾಗ? ಎಲ್ಲಿ ಇಡಬೇಕೆಂಬುದರ ಉತ್ತರವು ಬಹುಪಾಲು ಇದರಿಂದಲೇ ಹೊರಡುವುದು.

ಮಲೆನಾಡಿನ ಕೃಷಿಕರಿಗೆ ಇದನ್ನು ಯಾರೂ ಕಲಿಸಿಕೊಡಬೇಕಾಗಿಲ್ಲ. ಗದ್ದೆಗೆ ಹಾಕಿದ ಭತ್ತ ಆರು ತಿಂಗಳಿನೊಳಗೆ ಮನೆಗೆ ಬರುವುದು; ತೋಟದಲ್ಲಿ ನೆಟ್ಟ ಅಡಕೆಯ ಸಸಿ ಫಲ ಕೊಡಬೇಕಾದರೆ ಐದಾರು ವರ್ಷ ಕಾಯಬೇಕು. ಅಡಕೆಯಲ್ಲಿ ಲಾಭ ಹೆಚ್ಚೆಂದು ಇದ್ದ ಗದ್ದೆಯನ್ನೆಲ್ಲ ತೋಟ ಮಾಡಿ, ವರ್ಷದ ಅನ್ನಕ್ಕೆ ದಾರಿಯಿಟ್ಟುಕೊಳ್ಳದವನು ಮೊದಲನೆಯ ಗೊನೆಯನ್ನು ಕಾಣುವುದರೊಳಗಾಗಿ ತೋಟವನ್ನೇ ಮಾರಬೇಕಾದೀತು. ಆಗ ತೋಟ ಕೆಟ್ಟದೆಂದಾಗಲಿ, ಅಡಕೆ ನಷ್ಟದ ಬೆಳೆಯೆಂದಾಗಲಿ ಹೇಳುವಂತಿಲ್ಲ. ದೀರ್ಘಕಾಲದ ಹೂಡಿಕೆಗೆ ಹೊಸದಾಗಿ ಇಳಿದ ಗೃಹಸ್ಥರು ಕೈಸುಟ್ಟುಕೊಳ್ಳುವುದು ಹೆಚ್ಚಾಗಿ ಹೀಗೆಯೇ. ಆರಿಸಿಕೊಂಡ ಸಾಧನದ ದೋಷಕ್ಕಿಂತಲೂ ನಡುವೆ ಮುರಿಯಬೇಕಾಗಿ ಬಂದ ದೋಷವೇ ದೊಡ್ಡದೆಂಬುದು ನಮ್ಮ ಅಭಿಪ್ರಾಯ. ಈ ತಿಂಗಳು ಬರೆಯುವುದೆಲ್ಲವೂ ಆ ಒಂದು ಮಾತಿನ ವಿಸ್ತಾರವೆಂದು ತಿಳಿಯಬಹುದು.

ಆದಕಾರಣ ಮೊದಲು ಮನೆಯ ಭತ್ತದ ಕಣಜವನ್ನು ನೋಡೋಣ. ಮೈಮೇಲೆ ಸಾಲವಿದ್ದರೆ ಅದನ್ನು ತೀರಿಸುವುದೇ ಮೊದಲನೆಯ ಹೂಡಿಕೆ. ಕ್ರೆಡಿಟ್ ಕಾರ್ಡಿನ ಬಾಕಿಗೆ ಅನೇಕ ಬ್ಯಾಂಕುಗಳು ತಿಂಗಳಿಗೆ ಶೇಕಡ ೩ರಿಂದ ೩.೭೫ರವರೆಗೆ ಬಡ್ಡಿ ಹಾಕುತ್ತವೆ. ಎಂದರೆ ವರ್ಷಕ್ಕೆ ಶೇಕಡ ೪೦ರ ಆಸುಪಾಸು. ಇಂತಹ ಬಾಕಿಯನ್ನು ಇಟ್ಟುಕೊಂಡು ಶೇಕಡ ಹತ್ತೋ ಹನ್ನೆರಡೋ ಬರಬಹುದೆಂಬ ಆಸೆಯಿಂದ ಬೇರೆಡೆ ಹಣ ಹೂಡುವುದು, ತಳವೊಡೆದ ಹಂಡೆಗೆ ನೀರು ತುಂಬಿದಂತೆಯೇ. ಸಾಲ ತೀರಿದ ಮೇಲೆ ಆರು ತಿಂಗಳ ಮನೆಖರ್ಚಿನಷ್ಟು ಹಣ ಬ್ಯಾಂಕಿನಲ್ಲಿ, ಕೇಳಿದ ದಿನವೇ ಕೈಗೆ ಬರುವಂತೆ ಇರಬೇಕು. ಅದರಿಂದ ಬರುವ ಬಡ್ಡಿ ಅಲ್ಪವೆಂದು ಕೊರಗಬಾರದು. ಆ ಹಣದ ಕೆಲಸ ಬೆಳೆಯುವುದಲ್ಲ, ಬೆಳೆಯುವ ಹಣಕ್ಕೆ ಬೇಲಿಯಾಗಿ ನಿಲ್ಲುವುದು. ಹಾಗೆಯೇ ಕುಟುಂಬಕ್ಕೆಲ್ಲ ಆರೋಗ್ಯವಿಮೆ, ದುಡಿಯುವವರ ಜೀವಕ್ಕೆ ಟರ್ಮ್ ವಿಮೆ ಎರಡೂ ಬೇಕು. ಟರ್ಮ್ ವಿಮೆಯೆಂದರೆ ಅವಧಿಯೊಳಗೆ ಮರಣ ಸಂಭವಿಸಿದರೆ ಮಾತ್ರ ಹಣ ಕೊಡತಕ್ಕದ್ದು. ಬದುಕಿದ್ದರೆ ಏನೂ ಬಾರದು. ಇದನ್ನು ಕೇಳಿ ಮುಖ ಸಿಂಡರಿಸುವವರು ಬಹಳ ಮಂದಿ. ಕಟ್ಟಿದ ಹಣ ಮರಳಿ ಬರುವ ಪಾಲಿಸಿಯೇ ಒಳ್ಳೆಯದೆಂದು ಅವರ ವಾದ. ಆದರೆ ಅಂತಹ ಪಾಲಿಸಿಗಳಲ್ಲಿ ಅದೇ ಕಂತಿಗೆ ದೊರೆಯುವ ವಿಮೆಯ ಮೊತ್ತ ಬಹು ಕಡಿಮೆ. ಮರಳಿ ಬರುವ ಹಣದ ವೃದ್ಧಿಯೂ ಬ್ಯಾಂಕಿನ ಠೇವಣಿಯನ್ನು ಮೀರುವುದು ಅಪರೂಪ. ಅಕ್ಕಿಯನ್ನೂ ಬೇಳೆಯನ್ನೂ ಬೇರೆಬೇರೆ ಡಬ್ಬಿಗಳಲ್ಲಿ ಇಡುವ ಗೃಹಿಣಿಗೆ, ವಿಮೆಯನ್ನೂ ಹೂಡಿಕೆಯನ್ನೂ ಬೇರೆ ಇಡಬೇಕೆಂಬುದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಇಷ್ಟಾದ ಮೇಲೆ ತಿಂಗಳಿಗೆ ಸಾವಿರವೋ ಎರಡು ಸಾವಿರವೋ ಉಳಿಯಿತೆನ್ನೋಣ. ಇದು ಇನ್ನು ಹತ್ತು ಹದಿನೈದು ವರ್ಷ ಬೇಕಾಗದ ಹಣ. ಇದನ್ನೂ ಬ್ಯಾಂಕಿನ ಉಳಿತಾಯ ಖಾತೆಯಲ್ಲಿಯೇ ಬಿಟ್ಟರೆ ಏನು ತಪ್ಪು? ಇಲ್ಲಿ ಎಪ್ಪತ್ತೆರಡರ ಲೆಕ್ಕವನ್ನು ನೆನೆಯಬೇಕು. ೭೨ನ್ನು ಬಡ್ಡಿಯ ದರದಿಂದ ಭಾಗಿಸಿದರೆ, ಚಕ್ರಬಡ್ಡಿಯಲ್ಲಿ ಹಣ ಇಮ್ಮಡಿಯಾಗಲು ಬೇಕಾಗುವ ವರ್ಷಗಳು ಹೆಚ್ಚುಕಡಿಮೆ ದೊರೆಯುತ್ತವೆ. ಶೇಕಡ ೬ಕ್ಕೆ ೧೨ ವರ್ಷ. ಶೇಕಡ ೯ಕ್ಕೆ ೮ ವರ್ಷ. ಇದೇ ಲೆಕ್ಕ ಬೆಲೆಯೇರಿಕೆಗೂ ಸಲ್ಲುವುದು. ಪದಾರ್ಥಗಳ ಬೆಲೆ ವರ್ಷಕ್ಕೆ ಶೇಕಡ ೬ರಂತೆ ಏರುತ್ತ ಹೋದರೆ ೧೨ ವರ್ಷಗಳಲ್ಲಿ ಅವು ಇಮ್ಮಡಿಯಾಗುವುವು. ಪೆಟ್ಟಿಗೆಯಲ್ಲಿಟ್ಟ ನೂರು ರೂಪಾಯಿ ನೂರೇ ಆಗಿದ್ದರೂ ಅದರಿಂದ ಬರುವ ಸಾಮಾನು ಅರ್ಧಕ್ಕೆ ಇಳಿದಿರುವುದು. ಇದು ಕಣ್ಣಿಗೆ ಕಾಣದ ನಷ್ಟವಾದ್ದರಿಂದ ಯಾರೂ ಇದಕ್ಕಾಗಿ ನಿದ್ದೆಗೆಡುವುದಿಲ್ಲ.

ಚಕ್ರಬಡ್ಡಿಯ ಶಕ್ತಿಯನ್ನು ಒಂದು ಉದಾಹರಣೆಯಿಂದ ತಿಳಿಯುವುದು ಸುಲಭ. ಒಂದು ಮನೆಯ ಅಕ್ಕ ತನ್ನ ೨೫ನೆಯ ವಯಸ್ಸಿನಿಂದ ವರ್ಷವರ್ಷದ ಕೊನೆಗೆ ೧೨,೦೦೦ ರೂಪಾಯಿಯಂತೆ ಹತ್ತು ವರ್ಷ ಕಟ್ಟಿ, ಆಮೇಲೆ ಒಂದು ಕಾಸನ್ನೂ ಕಟ್ಟದೆ ಸುಮ್ಮನೆ ಬಿಟ್ಟಳೆನ್ನಿ. ತಮ್ಮನು ತನ್ನ ೩೫ನೆಯ ವಯಸ್ಸಿನವರೆಗೆ ಕೈಕಟ್ಟಿ ಕುಳಿತಿದ್ದು, ಅಲ್ಲಿಂದ ೬೦ರವರೆಗೆ ೨೫ ವರ್ಷ ಬಿಡದೆ ಅದೇ ೧೨,೦೦೦ವನ್ನು ಕಟ್ಟಿದನೆನ್ನಿ. ಇಬ್ಬರಿಗೂ ವರ್ಷಕ್ಕೆ ಶೇಕಡ ೮ರ ವೃದ್ಧಿ. ಅಕ್ಕ ಕಟ್ಟಿದ್ದು ೧,೨೦,೦೦೦. ತಮ್ಮ ಕಟ್ಟಿದ್ದು ೩,೦೦,೦೦೦. ಅರುವತ್ತು ತುಂಬಿದಾಗ ಅಕ್ಕನ ಕೈಗೆ ಸುಮಾರು ೧೧,೯೦,೦೦೦ ರೂಪಾಯಿ ಬರುವುದು. ತಮ್ಮನಿಗೆ ಸುಮಾರು ೮,೭೭,೦೦೦. ಬೇಕಾದವರು ಕಾಗದ ತೆಗೆದುಕೊಂಡು ಲೆಕ್ಕ ಮಾಡಿ ನೋಡಬಹುದು. ಆದರೆ ಗಮನಿಸಬೇಕಾದುದೊಂದುಂಟು: ಅಕ್ಕನ ಹಣದ ಬಹುಪಾಲು ಹುಟ್ಟಿದ್ದು ಕೊನೆಯ ವರ್ಷಗಳಲ್ಲಿ. ೫೧ನೆಯ ವಯಸ್ಸಿಗೆ ಅವಳ ಗಂಟು ಇದ್ದುದು ಆರು ಲಕ್ಷದಷ್ಟು ಮಾತ್ರ. ಆಗ ಯಾವುದೋ ತುರ್ತಿಗೆ ಅದನ್ನು ಒಡೆದಿದ್ದರೆ ಮುಂದಿನ ಆರು ಲಕ್ಷ ಹುಟ್ಟುತ್ತಲೇ ಇರಲಿಲ್ಲ. ಬೇಲಿಯ ಹಣದ ಬೆಲೆ ತಿಳಿಯುವುದು ಇಲ್ಲಿ.

ಇನ್ನು ಎಲ್ಲಿ ಎಂಬ ವಿಷಯ. ಅಸಲಿಗೆ ಭಯವಿಲ್ಲದ ಸ್ಥಳ ಬೇಕೆಂಬವರಿಗೆ ೧೯೬೮ರಲ್ಲಿ ಸರಕಾರ ಆರಂಭಿಸಿದ ಸಾರ್ವಜನಿಕ ಭವಿಷ್ಯನಿಧಿ, ಜನರ ಬಾಯಲ್ಲಿ ಪಿಪಿಎಫ್, ಇಂದಿಗೂ ಒಳ್ಳೆಯ ಮೆಟ್ಟಿಲು. ಅಂಚೆಕಚೇರಿಯಲ್ಲಾಗಲಿ ಬ್ಯಾಂಕಿನಲ್ಲಾಗಲಿ ಖಾತೆ ತೆರೆಯಬಹುದು. ವರ್ಷಕ್ಕೆ ಕನಿಷ್ಠ ೫೦೦ ರೂಪಾಯಿ, ಗರಿಷ್ಠ ಒಂದೂವರೆ ಲಕ್ಷ. ಅವಧಿ ೧೫ ವರ್ಷ. ಬೇಕಾದರೆ ಐದೈದು ವರ್ಷ ಮುಂದುವರಿಸಬಹುದು. ಬಡ್ಡಿಗೆ ಆದಾಯ ತೆರಿಗೆಯಿಲ್ಲ. ದರವನ್ನು ಸರಕಾರ ಮೂರು ತಿಂಗಳಿಗೊಮ್ಮೆ ಪ್ರಕಟಿಸುವುದು. ೨೦೨೦ರ ಏಪ್ರಿಲಿನಿಂದ ೨೦೨೫ರವರೆಗೂ ಅದು ಶೇಕಡ ೭.೧ರಲ್ಲೇ ನಿಂತಿತ್ತು. ಆ ದರದಲ್ಲಿ ವರ್ಷದ ಆರಂಭಕ್ಕೇ ೧೨,೦೦೦ ಕಟ್ಟುತ್ತ ಬಂದರೆ ೧೫ ವರ್ಷಕ್ಕೆ, ಕಟ್ಟಿದ ೧,೮೦,೦೦೦ಕ್ಕೆ ಪ್ರತಿಯಾಗಿ ಸುಮಾರು ೩,೨೫,೦೦೦ ರೂಪಾಯಿ ದೊರೆಯುವುದು. ತಿಂಗಳ ೫ನೆಯ ತಾರೀಖಿನೊಳಗೆ ಕಟ್ಟಿದ ಹಣಕ್ಕೆ ಆ ತಿಂಗಳಿನ ಬಡ್ಡಿ ಉಂಟು, ಆಮೇಲೆ ಕಟ್ಟಿದ್ದಕ್ಕೆ ಇಲ್ಲ. ಈ ಚಿಕ್ಕ ಸಂಗತಿಯನ್ನು ಅರಿಯದೆ ವರ್ಷಗಟ್ಟಲೆ ೧೦ನೆಯ ತಾರೀಖಿಗೆ ಕಟ್ಟುತ್ತಿರುವವರು ಅನೇಕರು. ಈ ಖಾತೆಯ ಅತಿದೊಡ್ಡ ಗುಣವೆಂದು ನಾವು ಎಣಿಸುವುದು, ಜನರು ದೋಷವೆನ್ನುವ ಅದರ ಬೀಗವನ್ನೇ. ಮೊದಲ ಕೆಲವು ವರ್ಷ ಹಣ ಹೊರಗೆ ಬಾರದು; ಆಮೇಲೂ ಒಂದು ಪಾಲು ಮಾತ್ರ. ನಮ್ಮ ಮನಸ್ಸಿನ ಚಾಂಚಲ್ಯಕ್ಕೆ ಸರಕಾರವೇ ಹಾಕಿಕೊಟ್ಟ ಅಗುಳಿ ಅದು. ಹತ್ತು ವರ್ಷ ತುಂಬದ ಹೆಣ್ಣುಮಗುವಿರುವ ಮನೆಯವರು ೨೦೧೫ರಲ್ಲಿ ಆರಂಭವಾದ ಸುಕನ್ಯಾ ಸಮೃದ್ಧಿ ಖಾತೆಯನ್ನೂ ವಿಚಾರಿಸಬೇಕು. ಅದರ ದರ ಇದಕ್ಕಿಂತ ಹೆಚ್ಚಾಗಿಯೇ ಇರುತ್ತ ಬಂದಿದೆ.

ಷೇರುಗಳ ಮಾತು ಬಂದೊಡನೆ ಕೆಲವರಿಗೆ ಜೂಜಿನ ನೆನಪಾಗುವುದು, ಕೆಲವರಿಗೆ ನಿಧಿಯ ಕನಸು ಬೀಳುವುದು. ಎರಡೂ ಸಲ್ಲದು. ಷೇರೆಂದರೆ ನಡೆಯುತ್ತಿರುವ ಒಂದು ಉದ್ಯಮದಲ್ಲಿ ನಮಗಿರುವ ಪಾಲು. ಉದ್ಯಮ ಬೆಳೆದರೆ ಪಾಲು ಬೆಳೆಯುವುದು, ಮುಳುಗಿದರೆ ಮುಳುಗುವುದು. ನಮ್ಮ ಬೆಂಗಳೂರಿನದೇ ಎರಡು ಉದಾಹರಣೆ ನೋಡಿರಿ. ೧೯೯೩ರ ಫೆಬ್ರವರಿಯಲ್ಲಿ ಇನ್ಫೋಸಿಸ್ ಕಂಪನಿ ತನ್ನ ಷೇರನ್ನು ೯೫ ರೂಪಾಯಿಯಂತೆ ಸಾರ್ವಜನಿಕರ ಮುಂದಿಟ್ಟಾಗ ಅದನ್ನು ಪೂರ್ತಿ ಕೊಳ್ಳುವಷ್ಟು ಜನರೂ ಬರಲಿಲ್ಲ. ಅಂದು ೯,೫೦೦ ರೂಪಾಯಿ ಕೊಟ್ಟು ನೂರು ಷೇರು ಕೊಂಡು, ಬೋನಸ್ಸಾಗಿ ಬಂದದ್ದನ್ನೂ ಸೇರಿಸಿ ಹಾಗೆಯೇ ಇಟ್ಟುಕೊಂಡವರ ಗಂಟು ಇಂದು ಕೋಟಿಗಳ ಲೆಕ್ಕಕ್ಕೆ ಹೋಗಿದೆ. ಅದೇ ಊರಿನ ಕಿಂಗ್‌ಫಿಷರ್ ವಿಮಾನ ಕಂಪನಿ ೨೦೧೨ರ ಅಕ್ಟೋಬರಿನಲ್ಲಿ ಹಾರಾಟ ನಿಲ್ಲಿಸಿತು. ಷೇರು ಹಿಡಿದುಕೊಂಡಿದ್ದವರಿಗೆ ಏನೂ ಉಳಿಯಲಿಲ್ಲ. ಮೊದಲನೆಯ ಕಥೆಯನ್ನು ಮದುವೆಮನೆಗಳಲ್ಲಿ ಎಲ್ಲರೂ ಹೇಳುವರು, ಎರಡನೆಯದನ್ನು ಕಂಡವರು ಬಾಯಿ ಬಿಡರು. ಯಾವುದು ಇನ್ಫೋಸಿಸ್ ಆದೀತು, ಯಾವುದು ಕಿಂಗ್‌ಫಿಷರ್ ಆದೀತೆಂದು ಮುಂಚಿತವಾಗಿ ಹೇಳುವ ವಿದ್ಯೆ, ಸಂಬಳದಲ್ಲಿ ಮನೆ ನಡೆಸುವ ಗೃಹಸ್ಥನಿಗೆ ಇರುವುದೆಂದು ನಾವು ನಂಬುವುದಿಲ್ಲ. ಅದನ್ನೇ ವೃತ್ತಿಯಾಗಿಟ್ಟುಕೊಂಡವರಲ್ಲಿಯೂ ಬಹುಮಂದಿಗೆ ಅದು ಸಿದ್ಧಿಸಿಲ್ಲ.

ಹಾಗಾದರೆ ದಾರಿಯೇನು? ಒಂದನ್ನು ಆರಿಸದೆ ಎಲ್ಲವನ್ನೂ ಸ್ವಲ್ಪಸ್ವಲ್ಪ ಕೊಳ್ಳುವುದು. ಇದಕ್ಕಾಗಿಯೇ ಇಂಡೆಕ್ಸ್ ಫಂಡ್ ಎಂಬ ಏರ್ಪಾಡು ಉಂಟು. ಮುಂಬಯಿಯ ಷೇರುಪೇಟೆಯಲ್ಲಿ ಆಯ್ದ ೩೦ ದೊಡ್ಡ ಕಂಪನಿಗಳ ಬೆಲೆಯನ್ನು ಕೂಡಿಸಿ ತೋರಿಸುವ ಸೂಚ್ಯಂಕಕ್ಕೆ ಸೆನ್ಸೆಕ್ಸ್ ಎಂದು ಹೆಸರು. ೫೦ ಕಂಪನಿಗಳದಕ್ಕೆ ನಿಫ್ಟಿ ಎಂದು. ಆ ಪಟ್ಟಿಯಲ್ಲಿರುವ ಕಂಪನಿಗಳನ್ನೇ, ಅದೇ ಪ್ರಮಾಣದಲ್ಲಿ, ನಮ್ಮಂತಹ ಸಾವಿರಾರು ಜನರ ಹಣದಿಂದ ಕೊಂಡಿಡುವ ಮ್ಯೂಚುವಲ್ ಫಂಡಿಗೆ ಇಂಡೆಕ್ಸ್ ಫಂಡ್ ಎನ್ನುವರು. ಕಂಪನಿ ಸೊರಗಿದರೆ ಪಟ್ಟಿಯಿಂದ ಹೊರಬೀಳುವುದು, ಬೆಳೆದದ್ದು ಒಳಗೆ ಬರುವುದು, ನಾವೇನೂ ಮಾಡಬೇಕಾಗಿಲ್ಲ. ನೌಕರರ ಭವಿಷ್ಯನಿಧಿ ಸಂಸ್ಥೆಯೂ ೨೦೧೫ರ ಆಗಸ್ಟಿನಿಂದ ತನ್ನ ಹಣದ ಒಂದು ಪಾಲನ್ನು ಈ ಬಗೆಯ ಸಾಧನಗಳಲ್ಲಿ ಹಾಕುತ್ತ ಬಂದಿದೆ. ಷೇರೆಂದರೆ ದೂರ ಸರಿಯುವ ನೌಕರರಲ್ಲಿ ಹಲವರು ತಮಗರಿಯದಂತೆಯೇ ಅದರೊಳಗಿದ್ದಾರೆ.

ಈ ಸೂಚ್ಯಂಕದ ಚರಿತ್ರೆಯನ್ನು ಹೊಸಬರು ಅವಶ್ಯವಾಗಿ ತಿಳಿಯಬೇಕು. ಫಂಡು ಮಾರುವವರು ಹೇಳುವ ಅರ್ಧ ಚರಿತ್ರೆಯನ್ನಲ್ಲ, ಪೂರ್ತಿಯನ್ನು. ೧೯೭೮-೭೯ರಲ್ಲಿ ೧೦೦ ಎಂದು ಲೆಕ್ಕ ಹಿಡಿದ ಸೆನ್ಸೆಕ್ಸ್ ೨೦೨೪ರ ಸೆಪ್ಟೆಂಬರಿನಲ್ಲಿ ೮೫,೦೦೦ವನ್ನು ದಾಟಿತು. ಇದು ಮಾರುವವರು ಹೇಳುವ ಭಾಗ. ಇನ್ನೊಂದು ಭಾಗ ಹೀಗಿದೆ. ೧೯೯೨ರ ಏಪ್ರಿಲಿನಲ್ಲಿ, ಹರ್ಷದ್ ಮೆಹತಾನ ಹಗರಣ ಬಯಲಾಗುವ ಹೊತ್ತಿಗೆ, ಅದು ೪,೪೬೭ಕ್ಕೆ ಏರಿತ್ತು. ನಡುವೆ ಒಂದೆರಡು ಬಾರಿ ಅದಕ್ಕಿಂತ ಮೇಲೆ ಹೋದರೂ, ಹನ್ನೊಂದು ವರ್ಷ ಕಳೆದು ೨೦೦೩ರ ಏಪ್ರಿಲಿನಲ್ಲಿ ನೋಡಿದರೆ ಸುಮಾರು ೩,೦೦೦ದಲ್ಲಿತ್ತು. ಹನ್ನೊಂದು ವರ್ಷ! ಆ ಅವಧಿಯಲ್ಲಿ ಅಂಚೆಕಚೇರಿಯಲ್ಲಿಟ್ಟವನ ಹಣ ಇಮ್ಮಡಿಗೂ ಮಿಕ್ಕಿತ್ತು. ಆಮೇಲೆ ಐದೇ ವರ್ಷದೊಳಗೆ ೨೦೦೮ರ ಜನವರಿ ೮ರಂದು ೨೦,೮೭೩ಕ್ಕೆ ಮುಟ್ಟಿತು. ಮರುವರ್ಷದ ಮಾರ್ಚ್ ೯ರಂದು ೮,೧೬೦ಕ್ಕೆ ಬಿದ್ದಿತು. ಒಂದು ಲಕ್ಷವಿದ್ದುದು ಹದಿನಾಲ್ಕು ತಿಂಗಳಲ್ಲಿ ೩೯,೦೦೦ ಆಯಿತೆಂದರ್ಥ. ೨೦೨೦ರ ಮಾರ್ಚ್ ೨೩ರಂದು, ಕೊರೋನಾ ಭೀತಿಯ ದಿನಗಳಲ್ಲಿ, ಒಂದೇ ದಿನಕ್ಕೆ ೩,೯೩೪ ಅಂಕ ಇಳಿಯಿತು. ಆ ವರ್ಷದ ನವೆಂಬರಿನೊಳಗಾಗಿ ಜನವರಿಯ ಎತ್ತರವನ್ನು ಮೀರಿ ನಿಂತಿತು.

೨೦೦೯ರ ಮಾರ್ಚ್ ತಿಂಗಳನ್ನು ಸ್ವಲ್ಪ ನಿಂತು ನೋಡೋಣ. ಒಂದೇ ಬೀದಿಯ ಎರಡು ಮನೆಗಳಲ್ಲಿ ತಲಾ ಒಂದು ಲಕ್ಷ ರೂಪಾಯಿಯನ್ನು ಹಿಂದಿನ ವರ್ಷದ ಜನವರಿಯಲ್ಲಿ ಇದೇ ಸೂಚ್ಯಂಕಕ್ಕೆ ಹಾಕಿದ್ದರೆಂದು ಭಾವಿಸಿರಿ. ಒಂದು ಮನೆಯಲ್ಲಿ ಆ ಮಾರ್ಚಿಗೇ ಮಗಳ ಮದುವೆ ಗೊತ್ತಾಗಿತ್ತು; ಅವರು ೩೯,೦೦೦ಕ್ಕೆ ಮಾರಲೇಬೇಕಾಯಿತು. ಇನ್ನೊಂದು ಮನೆಯವರಿಗೆ ಹಣದ ಅಗತ್ಯ ಬೀಳಲಿಲ್ಲ. ಮನಸ್ಸಿಗೆ ಕಸಿವಿಸಿಯಾದರೂ ಮುಟ್ಟಲಿಲ್ಲ. ೨೦೧೦ರ ನವೆಂಬರಿನಲ್ಲಿ ಅವರ ಹಣ ಮೊದಲಿನ ಮಟ್ಟಕ್ಕೆ ಬಂದಿತು. ನಡುವೆ ಇನ್ನೊಮ್ಮೆ ಇಳಿದು, ೨೦೧೩ರ ಕೊನೆಗೆ ಅದನ್ನು ದಾಟಿತು. ಅಲ್ಲಿಂದ ಮುಂದಿನದು ಎಲ್ಲರಿಗೂ ತಿಳಿದದ್ದೇ. ಹೂಡಿದ್ದು ಒಂದೇ ವಸ್ತು, ಒಂದೇ ದಿನ. ಮದುವೆಯ ಹಣವನ್ನು ಮದುವೆಗೆ ಹದಿನಾಲ್ಕು ತಿಂಗಳಿರುವಾಗ ಅಲ್ಲಿ ಇಟ್ಟದ್ದೊಂದೇ ವ್ಯತ್ಯಾಸ.

ಕಾದರೆ ಸದಾ ಫಲ ಉಂಟೆಂದು ಯಾರಾದರೂ ಭರವಸೆ ಕೊಟ್ಟರೆ ಜಪಾನಿನ ನಿಕ್ಕೈ ಸೂಚ್ಯಂಕದ ಮಾತನ್ನು ಅವರಿಗೆ ಜ್ಞಾಪಿಸಬೇಕು. ೧೯೮೯ರ ಡಿಸೆಂಬರ್ ೨೯ರಂದು ಅದು ಮುಟ್ಟಿದ್ದ ೩೮,೯೧೫ರ ಎತ್ತರವನ್ನು ಪುನಃ ದಾಟಿದ್ದು ೨೦೨೪ರ ಫೆಬ್ರವರಿ ೨೨ರಂದು. ೩೪ ವರ್ಷಗಳ ಮೇಲೆ. ಹೀಗಿರುವುದರಿಂದ ಇದ್ದ ಹಣವನ್ನೆಲ್ಲ ಷೇರುಗಳಿಗೆ ಸುರಿಯುವುದನ್ನು ನಾವು ಒಪ್ಪುವುದಿಲ್ಲ. ಒಂದು ಕಾಸನ್ನೂ ಹಾಕಬಾರದೆಂಬುದನ್ನೂ ಒಪ್ಪುವುದಿಲ್ಲ. ಹೊಸಬರಿಗೆ ನಮ್ಮ ಸಲಹೆ, ದೀರ್ಘಕಾಲದ ಹಣದಲ್ಲಿ ಅರ್ಧ ಭವಿಷ್ಯನಿಧಿಯಂತಹ ಭದ್ರವಾದ ಕಡೆ, ಅರ್ಧ ಇಂಡೆಕ್ಸ್ ಫಂಡಿನಲ್ಲಿ. ಪೇಟೆ ಅರ್ಧಕ್ಕೆ ಕುಸಿದರೂ ಒಟ್ಟು ಗಂಟಿನಲ್ಲಿ ಕಾಲುಭಾಗ ಮಾತ್ರ ಕರಗುವುದು. ಅಷ್ಟನ್ನು ಸಹಿಸಿಕೊಂಡು ಕೂತಿರಲು ಸಾಮಾನ್ಯರಿಗೆ ಸಾಧ್ಯ. ಒಂದು ಇಳಿತವನ್ನು ಕಂಡು ಪಳಗಿದ ಮೇಲೆ ಹೆಚ್ಚಿಸುವುದೋ ತಗ್ಗಿಸುವುದೋ ಅವರವರ ಮನೋಧರ್ಮಕ್ಕೆ ಬಿಟ್ಟದ್ದು. ಹಣ ಬೇಕಾಗುವ ಕಾಲಕ್ಕೆ ನಾಲ್ಕೈದು ವರ್ಷ ಇರುವಾಗಲೇ ಷೇರಿನ ಭಾಗವನ್ನು ವರ್ಷವರ್ಷಕ್ಕೆ ಸ್ವಲ್ಪದಂತೆ ಬ್ಯಾಂಕಿನ ಠೇವಣಿಗೆ ಇಳಿಸುತ್ತ ಬರಬೇಕು.

ಚಿನ್ನದ ಬಗ್ಗೆ ಬರೆಯದಿದ್ದರೆ ಗೃಹಿಣಿಯರು ಕೋಪಿಸಿಕೊಂಡಾರು. ಚಿನ್ನ ಕಷ್ಟಕಾಲದ ನೆಂಟ, ಸಂದೇಹವಿಲ್ಲ. ಆದರೆ ಒಡವೆಯಾಗಿ ಕೊಂಡರೆ ಮಜೂರಿ, ಸವೆತ, ತೆರಿಗೆ ಎಂದು ಅಂಗಡಿಯ ಮೆಟ್ಟಿಲಿಳಿಯುವುದರೊಳಗೆ ಒಂದು ಪಾಲು ಹೋಗಿರುವುದು. ಧರಿಸುವ ಆಸೆಗೆ ಕೊಂಡದ್ದನ್ನು ಧರಿಸುವ ಖರ್ಚಿಗೇ ಬರೆಯುವುದು ಪ್ರಾಮಾಣಿಕವಾದ ಜಮಾಖರ್ಚು.

ಇಂಡೆಕ್ಸ್ ಫಂಡಿಗೆ ತಿಂಗಳು ತಿಂಗಳು ಹಣ ಹಾಕುವ ಪದ್ಧತಿಗೆ ಎಸ್‌ಐಪಿ ಎಂದು ಈಗಿನ ಹೆಸರು. ಕನ್ನಡನಾಡಿಗೆ ಇದು ಹೊಸದಲ್ಲ. ಉಡುಪಿಯಲ್ಲಿ ೧೯೨೫ರಲ್ಲಿ ಹುಟ್ಟಿ, ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾದ ಸಂಸ್ಥೆಯು ೧೯೨೮ರಲ್ಲಿಯೇ ಪಿಗ್ಮಿ ಠೇವಣಿಯನ್ನು ಆರಂಭಿಸಿತ್ತು. ಏಜೆಂಟನು ದಿನವೂ ಮನೆಬಾಗಿಲಿಗೆ ಬಂದು ಎರಡಾಣೆಯಿಂದ ಮೊದಲ್ಗೊಂಡು ಕೊಟ್ಟಷ್ಟನ್ನು ಬರೆದುಕೊಂಡು ಹೋಗುತ್ತಿದ್ದನು. ನೇಕಾರರೂ ಚಿಕ್ಕ ಅಂಗಡಿಯವರೂ ಗಂಟು ಕಟ್ಟಿದ್ದು ಹೀಗೆ. ಆ ಬ್ಯಾಂಕು ೨೦೨೦ರ ಏಪ್ರಿಲ್ ೧ರಂದು ಕೆನರಾ ಬ್ಯಾಂಕಿನಲ್ಲಿ ಲೀನವಾಯಿತು. ಆದರೆ ಪಿಗ್ಮಿ ಎಂಬ ಮಾತು ಕರಾವಳಿಯ ಮನೆಮನೆಯಲ್ಲಿ ಇನ್ನೂ ಬದುಕಿದೆ. ಪಿಗ್ಮಿಯ ಏಜೆಂಟನ ಸ್ಥಾನದಲ್ಲಿ ಈಗ ಬ್ಯಾಂಕಿಗೆ ಕೊಟ್ಟ ಒಂದು ಆದೇಶವಿದೆ, ಅಷ್ಟೆ. ಸಂಬಳ ಬಂದ ಮರುದಿನವೇ ಹಣ ತಾನಾಗಿ ಹೋಗುವಂತೆ ತಾರೀಖು ಇಟ್ಟುಕೊಳ್ಳುವುದು ಮೇಲು. ತಿಂಗಳ ಕೊನೆಗೆ ಉಳಿದದ್ದನ್ನು ಹಾಕುತ್ತೇನೆಂದವರಿಗೆ ಯಾವ ತಿಂಗಳೂ ಉಳಿಯುವುದಿಲ್ಲ. ೫೦೦ ರೂಪಾಯಿಯಿಂದಲೂ ಆರಂಭಿಸಬಹುದು. ಬೆಲೆ ಏರಿದಾಗ ಕಡಿಮೆ ಘಟಕಗಳು, ಇಳಿದಾಗ ಹೆಚ್ಚು ಘಟಕಗಳು ಬರುವುದರಿಂದ, ೧೯೯೨ರ ಏಪ್ರಿಲಿನಂತಹ ಒಂದೇ ಕೆಟ್ಟ ದಿನಕ್ಕೆ ಎಲ್ಲ ಹಣ ಸಿಕ್ಕಿಬೀಳುವ ಭಯ ತಪ್ಪುವುದು. ಪೇಟೆ ಬಿದ್ದಾಗ ಕಂತನ್ನು ನಿಲ್ಲಿಸುವವರು, ಅಕ್ಕಿ ಅಗ್ಗವಾಯಿತೆಂದು ಅಂಗಡಿಗೆ ಹೋಗುವುದನ್ನು ಬಿಟ್ಟವರಂತೆ.

ಕೊಳ್ಳುವಾಗ ನೋಡಬೇಕಾದ ಇನ್ನೊಂದು ಅಂಶ ಖರ್ಚು. ಫಂಡು ನಡೆಸುವವರು ವರ್ಷವರ್ಷವೂ ನಮ್ಮ ಹಣದಿಂದ ಒಂದು ಪಾಲನ್ನು ತೆಗೆದುಕೊಳ್ಳುವರು. ಅದು ರಶೀದಿಯಾಗಿ ಕೈಗೆ ಬಾರದೆ ಒಳಗೊಳಗೇ ಕಳೆದುಹೋಗುವುದರಿಂದ ಯಾರಿಗೂ ನೋವಾಗದು. ೨೦೧೩ರ ಜನವರಿ ೧ರಿಂದ ಪ್ರತಿ ಫಂಡಿಗೂ ಎರಡು ಬಗೆ: ದಲ್ಲಾಳಿಯ ಕಮಿಷನ್ ಸೇರಿದ ರೆಗ್ಯುಲರ್, ಅದಿಲ್ಲದ ಡೈರೆಕ್ಟ್. ಒಂದು ಲಕ್ಷ ರೂಪಾಯಿ ೨೫ ವರ್ಷ ಶೇಕಡ ೧೦ರಂತೆ ಬೆಳೆದರೆ ೧೦,೮೩,೦೦೦ ಆಗುವುದು. ಶೇಕಡ ೯ರಂತೆ ಬೆಳೆದರೆ ೮,೬೨,೦೦೦. ಒಂದೇ ಒಂದು ಶೇಕಡ ಖರ್ಚು ಎರಡು ಲಕ್ಷಕ್ಕೂ ಮಿಕ್ಕಿ ನುಂಗಿತು. ತಾವೇ ಅರ್ಜಿ ತುಂಬಿಕೊಳ್ಳಬಲ್ಲವರು ಡೈರೆಕ್ಟನ್ನೇ ಆರಿಸಿಕೊಳ್ಳುವುದು ಯುಕ್ತ. ಪ್ಯಾನ್, ಆಧಾರ್, ಬ್ಯಾಂಕ್ ಖಾತೆ ಇಷ್ಟಿದ್ದರೆ ಸಾಕು.

ಇನ್ನು ಎಚ್ಚರಿಕೆಯ ಮಾತು. ಹೆಸರು ದೊಡ್ಡದೆಂದು ಒಳಗೇನಿದೆಯೆಂದು ನೋಡದಿರಬಾರದು. ೧೯೬೪ರಲ್ಲಿ ಆರಂಭವಾದ ಯೂನಿಟ್ ಟ್ರಸ್ಟಿನ ಯೋಜನೆಯನ್ನು ಲಕ್ಷಾಂತರ ಗೃಹಸ್ಥರು ಬ್ಯಾಂಕಿನ ಠೇವಣಿಯಂತೆಯೇ ಭಾವಿಸಿದ್ದರು. ಒಳಗೆ ಷೇರುಗಳಿದ್ದುವೆಂಬುದು ಅವರಿಗೆ ಹೊಳೆದದ್ದು ೨೦೦೧ರ ಜುಲೈಯಲ್ಲಿ ಹಣ ಮರಳಿಸುವುದನ್ನು ತಡೆಹಿಡಿದಾಗ. ತಿಂಗಳಿಗೆ ಶೇಕಡ ಎರಡು ಮೂರು ನಿಶ್ಚಿತವೆಂದವರ ಬಾಗಿಲಿಗೆ ಹೋಗಲೇಬಾರದು. ಬೆಂಗಳೂರಿನ ಐ.ಎಂ.ಎ. ಎಂಬ ಸಂಸ್ಥೆ ೨೦೧೯ರ ಜೂನಿನಲ್ಲಿ ಮುಚ್ಚಿಕೊಂಡಾಗ ಸಾವಿರಾರು ಕುಟುಂಬಗಳ ಜೀವಮಾನದ ಗಳಿಕೆ ಸಿಕ್ಕಿಕೊಂಡಿತು. ಫ್ಯೂಚರ್ಸ್, ಆಪ್ಷನ್ಸ್ ಎಂಬ ದಿನವಹಿ ವ್ಯಾಪಾರವನ್ನು ಕೆಲವು ಯುವಕರು ಹೂಡಿಕೆಯೆಂದೇ ಕರೆಯುವುದುಂಟು. ಷೇರುಪೇಟೆಯ ನಿಯಂತ್ರಕ ಮಂಡಳಿಯಾದ ಸೆಬಿ ೨೦೨೪ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದ ಲೆಕ್ಕದಂತೆ, ಹಿಂದಿನ ಮೂರು ವರ್ಷಗಳಲ್ಲಿ ಅದರಲ್ಲಿ ತೊಡಗಿದ್ದ ಸಾಮಾನ್ಯರಲ್ಲಿ ೧೦೦ಕ್ಕೆ ೯೩ ಮಂದಿ ನಷ್ಟ ಹೊಂದಿದ್ದರು. ಮನೆಯ ಮಗನು ರಾತ್ರಿಯೆಲ್ಲ ಮೊಬೈಲ್ ನೋಡುತ್ತಿದ್ದರೆ ತಂದೆತಾಯಿಗಳು ಈ ಸಂಖ್ಯೆಯನ್ನು ಅವನಿಗೆ ಓದಿ ಹೇಳಲಿ.

ಕೊನೆಯದಾಗಿ, ಹೂಡಿದ ಹಣ ಮನೆಯವರಿಗೆ ಸಿಗುವ ವಿಷಯ. ದೀರ್ಘಕಾಲದ ಹಣವೆಂದರೆ ಹೂಡಿದವನು ಬದುಕಿರದ ಕಾಲಕ್ಕೂ ಇರತಕ್ಕ ಹಣ. ಆದರೆ ಎಷ್ಟೋ ಮನೆಗಳಲ್ಲಿ ಅದರ ವಿವರ ಯಜಮಾನನೊಬ್ಬನ ತಲೆಯಲ್ಲಿ ಮಾತ್ರ ಇರುವುದು. ಹತ್ತು ವರ್ಷ ಯಾರೂ ಕೇಳದ ಬ್ಯಾಂಕ್ ಠೇವಣಿ ರಿಸರ್ವ್ ಬ್ಯಾಂಕಿನ ಪ್ರತ್ಯೇಕ ನಿಧಿಗೆ ಹೋಗುವುದು. ಏಳು ವರ್ಷ ಎಡೆಬಿಡದೆ ಲಾಭಾಂಶವನ್ನು ಪಡೆಯದಿದ್ದರೆ ಆ ಷೇರುಗಳೂ ಸರಕಾರದ ನಿಧಿಯೊಂದಕ್ಕೆ ಸೇರುವುವು. ವಾರಸುದಾರರು ಅರ್ಜಿ ಹಾಕಿ ಮರಳಿ ಪಡೆಯಲು ಅವಕಾಶವುಂಟು. ಇಂತಹ ಠೇವಣಿಗಳನ್ನು ಹುಡುಕಲು ರಿಸರ್ವ್ ಬ್ಯಾಂಕು ೨೦೨೩ರ ಆಗಸ್ಟಿನಲ್ಲಿ ಉದ್ಗಮ್ ಎಂಬ ಜಾಲತಾಣವನ್ನೂ ತೆರೆಯಿತು. ಆದರೆ ಇಂಥ ಠೇವಣಿಯೊಂದು ಇದ್ದಿರಬಹುದೆಂಬ ಕಲ್ಪನೆಯಾದರೂ ಹೆಂಡತಿ ಮಕ್ಕಳಿಗೆ ಇದ್ದರಲ್ಲವೆ ಹುಡುಕುವುದು? ಪ್ರತಿ ಖಾತೆಗೂ ನಾಮನಿರ್ದೇಶನ ಮಾಡಿಸಿರಬೇಕು. ನಾಮನಿರ್ದೇಶಿತರೇ ಹಣದ ಒಡೆಯರೆಂದು ಬಹುಮಂದಿಯ ನಂಬಿಕೆ, ಅದು ಹಾಗಲ್ಲ. ಷೇರುಗಳ ವಿಷಯದಲ್ಲಿ ೨೦೨೩ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಇದನ್ನೇ ಸ್ಪಷ್ಟಪಡಿಸಿತು: ನಾಮನಿರ್ದೇಶಿತರು ಪಡೆದುಕೊಳ್ಳುವವರು, ಹಕ್ಕು ಮಾತ್ರ ವಾರಸುದಾರರದು. ಆದ್ದರಿಂದ ಯಾರಿಗೆ ಸೇರಬೇಕೆಂಬುದನ್ನು ಉಯಿಲಿನಲ್ಲಿ ಬೇರೆಯಾಗಿ ಬರೆದಿಡಬೇಕು.

ಒಂದು ಸಾಧಾರಣ ನೋಟುಪುಸ್ತಕವನ್ನು ತೆಗೆದುಕೊಂಡು, ಪ್ರತಿಯೊಂದು ಖಾತೆಯ ಹೆಸರು, ಸಂಖ್ಯೆ, ತೆರೆದ ವರ್ಷ, ನಾಮನಿರ್ದೇಶಿತರು, ಆ ಹಣ ಯಾವ ಉದ್ದೇಶಕ್ಕೆ, ಯಾವ ವರ್ಷದವರೆಗೆ ಮುಟ್ಟಕೂಡದು ಎಂಬುದನ್ನು ಕನ್ನಡದಲ್ಲಿಯೇ, ಮನೆಯವರಿಗೆ ಓದಲು ಬರುವ ಅಕ್ಷರದಲ್ಲಿ ಬರೆಯಿರಿ. ಗುಪ್ತಸಂಖ್ಯೆಗಳನ್ನು ಅದರಲ್ಲಿ ಬರೆಯಬೇಡಿರಿ. ಯುಗಾದಿಗೊಮ್ಮೆ ಮನೆಯಾಕೆಯೊಡನೆ ಕುಳಿತು ಅದನ್ನು ತಿದ್ದಿ, ಅವರ ಕೈಯಿಂದಲೇ ಕಪಾಟಿನಲ್ಲಿ ಇಡಿಸಿರಿ.